ಬರಿದಾಗಿ ಬಂದ ತಟ್ಟೆ

ಬೆಳಗಾವಿಯ ನಮ್ಮ ಆಸ್ಪತ್ರೆಯ ಅಡುಗೆಮನೆ ನೋಡಿಕೊಳ್ಳುವ ಅಲಕಾಬಾಯಿಗೆ ಚಿಂತೆ ಮಾಡುವುದೇ ಅರ್ಧ ಕೆಲಸ. ಸಾರಿಗೆ ಉಪ್ಪು ಹಾಕುವಾಗ ಬಿ.ಪಿ.ಯವರು ನೆನಪಾಗಿ ಕೈ ತಡೆಯುತ್ತದೆ. ಹಾಕದಿದ್ದರೆ ಬಾಣಂತಿಯರು ಉಣ್ಣಲಾರರೆಂದು ಮತ್ತೆ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಾರೆ. ವಾರ್ಡಿನಿಂದ ತಟ್ಟೆಗಳು ಮರಳುವವರೆಗೆ ತಾವು ತುತ್ತು ಮುಟ್ಟುವುದಿಲ್ಲ. ಯಾರದಾದರೂ ಅನ್ನ ಉಳಿದಿದ್ದರೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಆ ಹಾಸಿಗೆಗೇ ಓಡುತ್ತಾರೆ: “ಯಾಕ್ರೀ ಕಾಕಾ, ಬಾಯಿಗೆ ರುಚಿ ಹತ್ತಲಿಲ್ಲೇನ್ರಿ?” ಊಟವನ್ನು ಹೊರಗಿನ ಗುತ್ತಿಗೆದಾರರಿಗೆ ಕೊಡುವ ಮಾತು ಎದ್ದ ಮೇಲಂತೂ ಅವರಿಗೆ ನಿದ್ದೆಯಿಲ್ಲ. “ಡಬ್ಬಿ ಇಳಿಸಿ ಗಾಡಿ ಹೊಂಟ ಹೋಗತೈತಿ. ಉಂಡವರ್ಯಾರು, ಬಿಟ್ಟವರ್ಯಾರು, ಯಾರ್ ನೋಡ್ತಾರ್ರಿ?” ಎಂದರು ಒಂದು ದಿನ. “ತಟ್ಟಿ ಖಾಲಿಯಾದ್ರ ಸಾಕಲ್ರಿ ಬಾಯಿ,” ಎಂದೆ, ಕೇಸ್ ಪೇಪರ್ ಬರೆಯುವ ನಾನು. ಅವರು ಆಗಷ್ಟೇ ಬಂದ ತಟ್ಟೆಯೊಂದನ್ನು ಮುಂದೆ ಹಿಡಿದರು. ಅದು ಖಾನಾಪುರ ಕಡೆಯ ಮುದುಕನದು. ಎರಡು ತುತ್ತು ಮೆತ್ತನೆಯ ಅನ್ನಕ್ಕೇ ಮುಖ ತಿರುಗಿಸುತ್ತಿದ್ದವನ ತಟ್ಟೆಯಲ್ಲಿ ಒಂದಗುಳೂ ಇರಲಿಲ್ಲ. “ಇದನ್ನ ನೋಡೇ ಖರೇ ಹೆದರಿಕಿ ಬಂತ್ರಿ. ಬಾಜು ಕುಂತ ಅವನ ಹೆಂಡ್ತಿ ಎಷ್ಟ ಹಸದಿದ್ದಳೋ!” ಮರುದಿನದಿಂದ ಆ ಅನ್ನದ ಪಕ್ಕದಲ್ಲಿ ಎರಡು ರೊಟ್ಟಿ ಹೋಗುತ್ತಿವೆ. ಯಾರಿಗೆಂದು ಕೇಳಿದರೆ, “ಪೇಷಂಟಿಗೇರಿ,” ಎಂದು ಗದರುತ್ತಾರೆ.