ಅಜ್ಜಿಯರ ಕೊಳದಲ್ಲಿ ನನ್ನ ಎಣ್ಣೆಸ್ನಾನ

ಇವತ್ತು ನರಕ ಚತುರ್ದಶಿ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ ಬೆಳಗ್ಗೆಯೇ ಮಗಳ ನೆತ್ತಿಗೆ ಬೆಚ್ಚಗಿನ ಎಳ್ಳೆಣ್ಣೆ ತಟ್ಟಿದೆ. "ಅಮ್ಮಾ, ಐ ಸ್ಮೆಲ್ ಲೈಕ್ ಎ ಸಮೋಸಾ!" ಎಂದು ಕಿರುಚಿ ಮೆಟ್ಟಿಲ ಕಡೆ ಓಡಿದಳು. ಎದುರುಮನೆಯಾಕೆ ಮಾಮಾ ನ್ಜೇರಿ (ಇಲ್ಲಿ ಮಾಮಾ ಎಂದರೆ ಅಮ್ಮ) ಆಗಷ್ಟೇ ಒರೆಸಿದ್ದ, ಎಲ್ಲರೂ ಓಡಾಡುವ ನೆಲದ ಮೇಲೆ ಎಣ್ಣೆಹೆಜ್ಜೆಗಳ ಸಾಲು! ಮಗಳನ್ನು ಒಳಗೆಳೆದು ಬಾಗಿಲು ಹಾಕಿಕೊಂಡೆ. ಹಾಕಿಕೊಂಡು ನಗಲು ಶುರುಮಾಡಿದೆ. ಯಾಕೆಂದರೆ ಈ ಘನಕಾರ್ಯವನ್ನು ನಾನು ಇನ್ನೂ ದೊಡ್ಡದಾಗಿ ಮಾಡಿದ್ದೇನೆ, ಅದೂ ಜಪಾನಿನಲ್ಲಿ.

ಕೇಳಿ. ಮದುವೆಗೆ ಮೊದಲು ಎರಡು ವರ್ಷ ನಾನು ಕ್ಯೂಶು ದ್ವೀಪದ ಒಂದು ಊರಿನಲ್ಲಿ ಪಾಠ ಹೇಳಿಕೊಂಡಿದ್ದೆ. ಅಲ್ಲಿ ನೆಲದಿಂದ ಬಿಸಿನೀರು ತಾನಾಗಿ ಉಕ್ಕುತ್ತದೆ. ಹಂಡೆ ಬೇಡ, ಸೌದೆ ಬೇಡ. ಬೀದಿಗೊಂದು ಸ್ನಾನದಮನೆ, ಒಳಗೆ ಹೆಂಗಸರೆಲ್ಲ ಬಟ್ಟೆಯಿಲ್ಲದೆ ಒಟ್ಟಿಗೆ ಕೂರುವ ಕೊಳ. ಸರದಿ ಪ್ರಕಾರ ಕೊಳ ತಿಕ್ಕುವ ಬೀದಿಯವರಿಗೆ ಮಾತ್ರ ಅದರ ಬೀಗದಕೈ. ಅತಿಥಿಯಾಗಿ ಹೋದ ಮೊದಲ ದಿನ ನಾಚಿಕೆಯಿಂದ ಸತ್ತೇಹೋಗಿದ್ದ ನಾನು, ಎಂಟು ತಿಂಗಳು ಅಜ್ಜಿಯರ ಹಿಂದೆ ಬ್ರಶ್ಶು ಹಿಡಿದು ಸುತ್ತಿ ಆ ಬೀಗದಕೈ ಸಂಪಾದಿಸಿದೆ.

ಸಿಕ್ಕ ವಾರವೇ ದೀಪಾವಳಿ. ಅಷ್ಟು ಬಿಸಿನೀರಿರುವಾಗ ಎಣ್ಣೆಸ್ನಾನ ಬಿಡುವುದುಂಟೇ? ಅಂಗಡಿಯಿಂದ ಎಳ್ಳೆಣ್ಣೆ ತಂದು ನೆತ್ತಿಯಿಂದ ಹಿಮ್ಮಡಿಯವರೆಗೆ ಬಳಿದುಕೊಂಡೆ. ಅಲ್ಲಿಯದು ಹುರಿದ ಎಳ್ಳಿನದು, ಘಮವೋ ಘಮ. ಸೀಗೆಪುಡಿ ಇರಲಿಲ್ಲ. ಎರಡು ತಂಬಿಗೆ ನೀರು ಸುರಿದುಕೊಂಡು ಕೊಳಕ್ಕಿಳಿದೇಬಿಟ್ಟೆ. ಒಳಗಿದ್ದ ಮೂವರು ಅಜ್ಜಿಯರು ಮೂಗರಳಿಸಿ, "ಯಾರ ಮನೇಲಿ ಏನು ಕರೀತಿದ್ದಾರೆ?" ಎಂದರು. ಆಮೇಲೆ ನೀರು ನೋಡಿದರು. ಸಾರಿನ ಮೇಲೆ ಒಗ್ಗರಣೆ ತೇಲಿದ ಹಾಗೆ ನನ್ನ ಹಬ್ಬ ತೇಲುತ್ತಿತ್ತು.

ಅವರಲ್ಲಿ ಹಿರಿಯರಾದ ಕಿಮಿಕೊ ಅಜ್ಜಿ ಕೊಳದ ಬಿರಡೆ ಕಿತ್ತರು. ಇಡೀ ಬೀದಿಯ ಸ್ನಾನ ಚರಂಡಿಗೆ ಹೋಯಿತು. ನಾನು ಅಳುತ್ತಾ ತಿಕ್ಕಿದೆ. ಆ ಕೊಳ ಬಿಟ್ಟರೆ ಆ ಊರಲ್ಲಿ ನನ್ನನ್ನು ಮಾತಾಡಿಸುವವರೇ ಇರಲಿಲ್ಲ ಕಣ್ರೀ! ಕೊನೆಗೆ ಬೀಗದಕೈಯನ್ನು ಅಜ್ಜಿಯ ಮುಂದೆ ಹಿಡಿದೆ.

"ಇದ್ಯಾಕೆ? ಕೊಳೆ ಮಾಡಿದವರು ತೊಳೀಬೇಕು, ತೊಳೆದೆಯಲ್ಲ. ಆ ಮೂಲೆ ಇನ್ನೂ ಜಾರ್ತಿದೆ ನೋಡು. ಮುಗಿಸಿ ಬಾ, ಉಳಿದ ಎಣ್ಣೆ ನನ್ನ ಮಂಡಿಗೆ ಹಚ್ಚು."

ಮೂವರನ್ನೂ ಸಾಲಾಗಿ ಕೂರಿಸಿ ತಟ್ಟಿದೆ. ಈ ಸಲ ಸೋಪು ಹಾಕಿ ತೊಳೆದೇ ಕೊಳಕ್ಕೆ ಬಿಟ್ಟದ್ದು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ನೈರೋಬಿಗೆ ಬಂದು ಆರು ತಿಂಗಳಾಯಿತು. ಇಲ್ಲಿ ಯಾರೂ ನಮ್ಮನ್ನು ಹಚ್ಚಿಕೊಳ್ಳುವುದಿಲ್ಲ ಎಂದು ಗಂಡನ ತಲೆ ತಿಂದಿದ್ದೇ ತಿಂದಿದ್ದು. ಬಾಗಿಲು ಹಾಕಿಕೊಂಡು ಕೂತವಳು ನಾನೇ ತಾನೇ? ಬಕೆಟ್ಟು ಹಿಡಿದು ಹೊರಗೆ ಬಂದೆ. ಮಾಮಾ ನ್ಜೇರಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. "ಪೋಲೆ, ಮಾಮಾ," ಎಂದು ತಪ್ಪೊಪ್ಪಿಕೊಂಡು ಮಂಡಿಯೂರಿದೆ. ಅವರು ಬೆರಳು ತೋರಿಸಿ ತೋರಿಸಿ ಕೊನೆಯ ಹೆಜ್ಜೆಯವರೆಗೂ ಒರೆಸಿಸಿದರು. ಆಮೇಲೆ ನೆಲ ಒರೆಸುವ ತಮ್ಮ ಮಾಪನ್ನು ನನ್ನ ಬಾಗಿಲಿಗೆ ಒರಗಿಸಿ, "ಮುಂದಿನ ಶನಿವಾರ ನಿಮ್ಮ ಸರದಿ," ಎಂದರು.

ಒಳಗೆ ಬಂದು ಮಗಳನ್ನು ಎತ್ತಿಕೊಂಡು ಕುಣಿದೆ.

"ಅಮ್ಮಾ, ವಾಟ್ ಹ್ಯಾಪನ್ಡ್?"

"ಸರದಿ ಸಿಕ್ಕಿತು ಕಣೇ, ಸರದಿ!"