ನಿಮ್ಮ ತಾತನ ಜೊತೆ ಏಜಂಟ್ ರಾಯರನ್ನು ಹುಡುಕಿಕೊಂಡು ಹೋದದ್ದು

ಶಾಂತಾ, ವೀರೇಶ, ಸಣ್ಣ ಗಂಗಾ, ನಿಮ್ಮ ತಾತ ನಾಟಕ ಕಂಪನಿ ಸೇರಿದ್ದು ಹೇಗೆ ಎಂದು ಹೋದ ರಜೆಯಲ್ಲಿ ಮೂವರೂ ಕೇಳಿದಿರಿ. ಬಾಯಿಂದ ಹೇಳಲು ನನಗೆ ಆಗಲಿಲ್ಲ. ನಾಲ್ಕು ಜನ ಕೂತ ಕಡೆ ಮಾತಾಡುವುದು ನನಗೆ ಮೊದಲಿನಿಂದಲೂ ಕಷ್ಟ. ಆದ್ದರಿಂದ ಬರೆದಿದ್ದೇನೆ. ಇದು ನಿಜಾಮರ ಕಾಲದ ಮಾತು. ದೊಡ್ಡ ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಗುವುದು ಕಷ್ಟವಾಗಿತ್ತು. ನನ್ನ ಮದುವೆಯಾಗಿ ಮೂರು ವರ್ಷವಾಗಿತ್ತು.

ನಿಮ್ಮ ತಾತ ಊರಿನ ಬಯಲಾಟದಲ್ಲಿ ರಾಜನ ಪಾತ್ರ ಮಾಡುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ತವರಿನಲ್ಲಿ ಅಯ್ಯನವರ ಶಾಲೆಗೆ ಹೋಗಿ ಅಕ್ಷರ ಕಲಿತಿದ್ದೆ. ಹೀಗಾಗಿ ಆಟದ ಮಾತುಗಳನ್ನು ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ನಾನು ಓದುತ್ತಿದ್ದೆ, ಅವರು ಬಾಯಿಪಾಠ ಮಾಡುತ್ತಿದ್ದರು. ಊರ ಆಟ ಅವರಿಗೆ ಸಾಕಾಗಿತ್ತು. ಊರೂರು ತಿರುಗುವ ಕಂಪನಿಯಲ್ಲಿ, ಪರದೆ ಏಳುವ ರಂಗದ ಮೇಲೆ ನಿಲ್ಲಬೇಕೆಂಬ ಆಸೆ ಹತ್ತಿತ್ತು. ಆದರೆ ಹಳ್ಳಿಯವರು ನೇರವಾಗಿ ಹೋದರೆ ಕಂಪನಿಯ ಮಾಲೀಕರು ಮಾತಾಡಿಸುತ್ತಿರಲಿಲ್ಲ. ರಾಯಚೂರಿನ ವೆಂಕೋಬರಾಯರು ಎನ್ನುವವರು ನಟರನ್ನು ಪರೀಕ್ಷೆ ಮಾಡಿ, ಚೀಟಿ ಬರೆದು, ಕಂಪನಿಗಳಿಗೆ ಕಳಿಸುತ್ತಿದ್ದರು. ಕಳಿಸಿದವನ ಮೊದಲ ತಿಂಗಳ ಸಂಬಳದಲ್ಲಿ ಅವರ ಪಾಲು ಇರುತ್ತಿತ್ತು. ಜನ ಅವರನ್ನು ಏಜಂಟ್ ರಾಯರು ಎಂದೇ ಕರೆಯುತ್ತಿದ್ದರು.

ನಮ್ಮ ಮಾವನವರಿಗೆ ಇದಕ್ಕೆ ಸ್ವಲ್ಪವೂ ಮನಸ್ಸಿರಲಿಲ್ಲ. ಒಬ್ಬನೇ ಮಗ, ಹದಿನೆಂಟು ಎಕರೆ ಎರೆಹೊಲ. ಕಡೆಗೆ ಒಂದು ದಿನ ಊಟದ ಹೊತ್ತಿಗೆ ಹೇಳಿದರು: "ಒಂದ ಸರ್ತಿ ಹೋಗಿ ಬಾ. ಆ ರಾಯ ಒಲ್ಲೆ ಅಂದ್ರ ಮತ್ತ ಈ ಮನ್ಯಾಗ ಆಟದ ಹೆಸರು ತಗೀಬ್ಯಾಡ. ಬಂದು ಸುಮ್ನ ಹೊಲದಾಗ ಕುಂಟಿ ಹಿಡಿ." ರಾಯರು ಹೊಸ ಮಾತು ಬರೆದುಕೊಟ್ಟರೆ ಓದಿ ಹೇಳುವವರು ಬೇಕೆಂದು ನನ್ನನ್ನೂ ಜೊತೆಗೆ ಕಳಿಸಲು ಮಾವನವರನ್ನು ಅತ್ತೆ ಒಪ್ಪಿಸಿದರು.

ಕೋಳಿ ಕೂಗುವ ಹೊತ್ತಿಗೆ ಬಂಡಿ ಕಟ್ಟಿಕೊಂಡು ಹೊರಟು, ಬಿಸಿಲೇರುವ ಮೊದಲು ದೇವದುರ್ಗ ಮುಟ್ಟಿದೆವು. ರಾಯರು ಮಾನ್ವಿಯಲ್ಲಿ ತಂಬು ಹಾಕಿದ ಕಂಪನಿಯ ಬಳಿ ಇದ್ದಾರೆಂದು ಅಲ್ಲಿಯ ಅಂಗಡಿಯವರು ಹೇಳಿದರು. ನಮ್ಮ ಬಂಡಿಯನ್ನು ಊರಿಗೆ ತಿರುಗಿ ಕಳಿಸಿ, ಮಾನ್ವಿಗೆ ಜೋಳ ಒಯ್ಯುವ ಬಂಡಿಯೊಂದರಲ್ಲಿ ಚೀಲಗಳ ಮೇಲೆ ಕೂತು ಮುಂದೆ ಹೋದೆವು. ಈಗಿನಂತೆ ಕಾಲುವೆಯಾಗಲಿ ನೆಲ್ಲಿನ ಗದ್ದೆಯಾಗಲಿ ಆಗ ಇರಲಿಲ್ಲ. ಕಣ್ಣು ಹೋದಷ್ಟು ದೂರ ಕೊಯ್ದ ಜೋಳದ ಕೂಳೆ, ನಡುವೆ ಹತ್ತಿಯ ಒಣಕಟ್ಟಿಗೆ, ಬಿರುಕು ಬಿಟ್ಟ ಕರಿನೆಲ. ಸಿರವಾರದಲ್ಲಿ ಬಾವಿಯ ಹತ್ತಿರ ಇಳಿದು ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ದಾರಿಯುದ್ದಕ್ಕೂ ನಿಮ್ಮ ತಾತ ರಾಜನ ಮಾತು ಹೇಳುತ್ತಲೇ ಇದ್ದರು. ಎತ್ತು ಬೆದರುತ್ತವೆ ಎಂದು ಬಂಡಿಯವನು ಎರಡು ಸಲ ಸುಮ್ಮನಿರಿಸಿದ. ದೀಪ ಹಚ್ಚುವ ಹೊತ್ತಿಗೆ ಮಾನ್ವಿಗೆ ಹೋಗಿ ನನ್ನ ಚಿಗವ್ವನ ಮನೆಯಲ್ಲಿ ಉಳಿದೆವು. ಬಿಸಿ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕಿದಳು.

ಮರುದಿನ ಬೆಳಿಗ್ಗೆ ತಂಬಿನ ಹತ್ತಿರ ಹೋದೆವು. ಒಬ್ಬ ಮುದುಕ ನೆಲದ ಮೇಲೆ ಪರದೆ ಹಾಸಿಕೊಂಡು ಹರಿದದ್ದನ್ನು ಹೊಲಿಯುತ್ತಿದ್ದ. ರಾಯರು ನಿನ್ನೆಯೇ ರಾಯಚೂರಿಗೆ ಹೋದರೆಂದ. ನಿಮ್ಮ ತಾತನ ಹುರಿ ಮಾಡಿದ ಮೀಸೆ ನೋಡಿ, "ಬೈಲಾಟದವ್ರೇನು?" ಎಂದು ಕೇಳಿದ. ಹೌದು ಎಂದರು ಇವರು. "ನೀವು ಒಳಗ ಬಂದು ಬಾಯಿ ತೆರದ್ರ ನಮ್ಮ ತಂಬು ಹಾರಿ ಸಿಂಧನೂರಾಗ ಬೀಳ್ತದ್ರೀ" ಎಂದು ತಲೆಯೆತ್ತದೆ ಮತ್ತೆ ಹೊಲಿಯತೊಡಗಿದ. ನಿಮ್ಮ ತಾತ ನಗಲಿಲ್ಲ.

ಅಲ್ಲಿಂದ ರಾಯಚೂರಿಗೆ ಬಸ್ಸಿನಲ್ಲಿ ಹೋದೆವು. ನಾನು ಬಸ್ಸು ಹತ್ತಿದ್ದು ಅದೇ ಮೊದಲು. ತಲೆಗೆ ಹತ್ತಾಣೆ ಕೊಟ್ಟ ನೆನಪು. ಯುದ್ಧದಿಂದಾಗಿ ಎಣ್ಣೆ ಇಲ್ಲದೆ ಆ ಬಸ್ಸು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಹಿಂದೆ ಒಂದು ಕಬ್ಬಿಣದ ಒಲೆ ಇತ್ತು. ಏರು ಬಂದಲ್ಲೆಲ್ಲ ಗಂಡಸರು ಇಳಿದು ನೂಕಬೇಕು. ರಾಯಚೂರು ಮುಟ್ಟಿದಾಗ ನಡು ಮಧ್ಯಾಹ್ನ. ನಿಮ್ಮ ತಾತನ ಬಿಳಿ ಅಂಗಿಯ ಮೇಲೆ ಮಸಿ ಕೂತಿತ್ತು. ಒಂದು ಬಾವಿಯ ಬಳಿ ಮುಖ ತೊಳೆದುಕೊಂಡು, ತೀನ್ ಕಂದೀಲ್ ಚೌಕದ ಹತ್ತಿರದ ಗಲ್ಲಿಯಲ್ಲಿ ರಾಯರ ಮನೆ ಕೇಳಿಕೊಂಡು ಹೋದೆವು.

ರಾಯರು ಸಣ್ಣ ಆಳು, ಹಣೆಗೆ ಅಂಗಾರ ಅಕ್ಷತೆ, ತೊಡೆಯ ಮೇಲೆ ಎಲೆಯಡಿಕೆಯ ಚೀಲ. ಪಡಸಾಲೆಯಲ್ಲಿ ಆಗಲೇ ಮೂರು ನಾಲ್ಕು ಮಂದಿ ಕಾದಿದ್ದರು. ನಾನು ತಲೆಯ ಮೇಲೆ ಸೆರಗು ಹೊದ್ದು ಬಾಗಿಲ ಚೌಕಟ್ಟಿನ ಮರೆಗೆ ನಿಂತೆ. ನಮ್ಮ ಸರದಿ ಬಂದಾಗ ನಿಮ್ಮ ತಾತ ನಡುವೆ ಹೋಗಿ ಒಂದು ಸುತ್ತು ತಿರುಗಿ, ಸೊಂಟಕ್ಕೆ ಕೈ ಕೊಟ್ಟು, ಎದೆ ಉಬ್ಬಿಸಿ ನಿಂತರು. ನಿಂತವರು ನಿಂತೇ ಇದ್ದರು.

ನಿಮಗೆ ಇದು ತಿಳಿಯಲಿಕ್ಕಿಲ್ಲ. ಬಯಲಾಟದಲ್ಲಿ ಪಾತ್ರಧಾರಿ ತಾನಾಗಿ ಮಾತು ತೆಗೆಯುವ ಹಾಗಿಲ್ಲ. ಸಾರಥಿ ಎಂದು ಒಬ್ಬನಿರುತ್ತಾನೆ. ಅವನು ಎದುರಿಗೆ ಬಂದು ನೀವು ಯಾರು, ನಿಮ್ಮ ಹೆಸರೇನು ಎಂದು ಕೇಳಬೇಕು. ಕೇಳುವ ತನಕ ರಾಜನಾದರೂ ಬಾಯಿ ಬಿಡುವುದಿಲ್ಲ, ಬಿಟ್ಟರೆ ಆಟ ಕಲಿಸಿದ ಗುರುವಿಗೆ ಅವಮಾನ. ನಿಮ್ಮ ತಾತ ಸಾರಥಿಯ ದಾರಿ ಕಾಯುತ್ತಿದ್ದರು. ಇದು ರಾಯರಿಗೆ ಹೇಗೆ ಗೊತ್ತಾಗಬೇಕು? ಅವರು ಕಂಪನಿ ನಾಟಕದವರು.

"ಯಾಕಪಾ, ಮರ್ತೀ ಏನು?" ಎಂದರು ರಾಯರು. ರಾಯರು ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟುಕೊಂಡು ಇನ್ನಷ್ಟು ಹೊತ್ತು ನೋಡಿದರು. ಕಾದವರಲ್ಲಿ ಒಬ್ಬ ನಕ್ಕ. ಇನ್ನೊಬ್ಬ, "ಊರಾಗ ಗರುಡಗಂಬ ಇಲ್ಲಂತ ಇವ್ರನ್ನ ನಿಲ್ಲಿಸ್ತಾರೇನೋ" ಎಂದ. "ಸಾಕು ಬಿಡು ತಮ್ಮಾ. ಮುಂದಿನವ್ರು ಬರ್ರಿ" ಎಂದು ರಾಯರು ಕೈ ಆಡಿಸಿದರು.

ನನಗೆ ಮಾವನವರ ಮಾತು ನೆನಪಾಯಿತು. ಇವರು ಸಾರಥಿಗೆ ಕಾದಿದ್ದಾರೆ ಎಂದು ರಾಯರಿಗೆ ಹೇಳಿದ್ದರೆ ಸಾಕಿತ್ತು, ಆದರೆ ಪರಗಂಡಸಿನ ಜೊತೆ ನೇರವಾಗಿ ಮಾತಾಡುವ ಧೈರ್ಯ ನನಗಿರಲಿಲ್ಲ. ಸಾರಥಿಯ ಮಾತು ನನ್ನ ಮಾತಲ್ಲ. ಒಳಮನೆಯಲ್ಲಿ ನೂರು ಸಲ ಓದಿದ್ದು. ಅದು ಬಾಯಿಗೆ ಬಂತು. ಚೌಕಟ್ಟಿನ ಮರೆಯಿಂದಲೇ ಕೇಳಿದೆ:

"ಭಲಾ, ಈ ಸಭೆಗೆ ಬಂದು ನಿಂತ ಮಹಾರಾಯರೇ, ತಾವು ಯಾರು? ತಮ್ಮ ನಾಮಾಂಕಿತವೇನು?"

ಗಂಡನ ಹೆಸರನ್ನು ಬಾಯಲ್ಲಿ ಹೇಳದ ಕಾಲ ಅದು. ನಾನು ನಾಲ್ಕು ಮಂದಿಯ ಎದುರು ಗಂಡನಿಗೇ ಹೆಸರು ಕೇಳಿದ್ದೆ. ಪಡಸಾಲೆಯಲ್ಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಅಷ್ಟರಲ್ಲಿ ನಿಮ್ಮ ತಾತ ಶುರು ಮಾಡಿದರು. ವಂಶ, ಪಟ್ಟಣ, ಗೆದ್ದ ರಾಜ್ಯ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಗಲ್ಲಿಯ ಹೆಂಗಸರು ರಾಯರ ಕಟ್ಟೆಯ ಮುಂದೆ ನೆರೆದಿದ್ದರು.

ರಾಯರು ನಗಲಿಲ್ಲ. ಎದ್ದು ಹೋಗಿ ಎಲೆ ಉಗುಳಿ ಬಂದು ಹೇಳಿದರು: "ಧ್ವನಿ ಅದ. ನೆನಪೂ ಅದ. ಆದ್ರ ಕಂಪನ್ಯಾಗ ಯಾರೂ ನಿನ್ನ ಹೆಸರು ಕೇಳಂಗಿಲ್ಲಪಾ. ಪರದಿ ಎದ್ದ ಕೂಡ್ಲೇ ನೀನ ಮಾತಾಡಬೇಕು. ಪ್ರತಿ ಊರಿಗೂ ನಿನ್ನ ಹೆಂಡ್ತೀನ ಕಳಿಸ್ಲಿಕ್ಕೆ ನನಗಾಗಂಗಿಲ್ಲ." ಒಂದು ಹಾಳೆ ಕೊಟ್ಟರು. ಅದರಲ್ಲಿ ತಂದೆ ಮಗನ ಜಗಳ, ಮೊದಲ ಮಾತು ಮಗನದು. ಸಂಜೆ ಬಂದು ಒಪ್ಪಿಸು, ಆಗದಿದ್ದರೆ ಊರಿಗೆ ಹೋಗು ಎಂದರು.

ಆಮ್ ತಲಾಬ್ ಕೆರೆಯ ದಂಡೆಯಲ್ಲಿ ಬೇವಿನ ನೆರಳಿಗೆ ಕೂತು ನಾನು ಓದಿದೆ, ಅವರು ಕಲಿತರು. ಮಾತು ಬೇಗ ಬಂತು. ಶುರು ಮಾಡುವುದೇ ಬರಲಿಲ್ಲ. ಪ್ರತಿ ಸಲವೂ ನನ್ನ ಮುಖ ನೋಡಿ ನಿಲ್ಲುವರು.

"ನೀ ಏನರ ಒಂದ ಮಾತು ಕೇಳು, ಸಾಕು" ಎಂದರು.

"ನಾ ಕೇಳಂಗಿಲ್ರೀ" ಎಂದೆ. ಮದುವೆಯಾದ ಮೇಲೆ ಅವರಿಗೆ ಇಲ್ಲ ಎಂದದ್ದು ಅದೇ ಮೊದಲು. ಸಿಟ್ಟು ಮಾಡಿಕೊಂಡು ಎದ್ದು ಹೋಗಿ ನೀರಿನ ಅಂಚಿನಲ್ಲಿ ಬಹಳ ಹೊತ್ತು ನಿಂತರು. ನಾನು ಕರೆಯಲಿಲ್ಲ.

ಸಂಜೆ ರಾಯರ ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಂದೆಯ ಮಾತನ್ನು ರಾಯರೇ ಹೇಳುವವರಿದ್ದರು. ನಿಮ್ಮ ತಾತ ನಡುವೆ ನಿಂತು, ರೂಢಿಯಂತೆ ಬಾಗಿಲ ಕಡೆ ನೋಡಿದರು. ಸಾರಥಿಯ ಮಾತು ಮತ್ತೆ ನನ್ನ ಬಾಯಿಗೆ ಬರುವುದರಲ್ಲಿತ್ತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿ ನಿಂತೆ. ಒಳಗೆ ಯಾರೋ ಕೊಡ ಇಟ್ಟ ಸಪ್ಪಳ ಕೇಳಿತು. ಆಮೇಲೆ ಬೆನ್ನ ಹಿಂದೆ ಅವರ ಧ್ವನಿ ಕೇಳಿತು, ಬಯಲಾಟದ ಧ್ವನಿಯಲ್ಲ, ಮನೆಯಲ್ಲಿ ಮಾವನವರ ಎದುರು ಆಡುವ ಧ್ವನಿ. ನಾನು ಕೊನೆಯ ತನಕ ತಿರುಗಲಿಲ್ಲ.

ರಾಯರು ಗದಗಿನಲ್ಲಿದ್ದ ಕಂಪನಿಗೆ ಚೀಟಿ ಬರೆದರು. ಮೊದಲು ಕಾವಲುಗಾರನ ಪಾತ್ರ, ಆಮೇಲೆ ನೋಡೋಣ ಎಂದರು. ಮರುದಿನ ಬೆಳಿಗ್ಗೆಯೇ ಹೊರಡಬೇಕಿತ್ತು. ಆ ರಾತ್ರಿ ಛತ್ರದಲ್ಲಿ ಮಲಗಿದೆವು. ಬೆಳಿಗ್ಗೆ ಅವರು ನನ್ನನ್ನು ದೇವದುರ್ಗದ ಬಸ್ಸಿನಲ್ಲಿ ಒಬ್ಬ ಮುದುಕಿಯ ಪಕ್ಕ ಕೂಡಿಸಿ ಸ್ಟೇಷನ್ನಿಗೆ ಹೋದರು. ಗಬ್ಬೂರಿನ ತನಕ ಆ ಮುದುಕಿ ಇದ್ದಳು. ಅಲ್ಲಿಂದ ಮುಂದೆ ಒಬ್ಬಳೇ. ದೇವದುರ್ಗದಲ್ಲಿ ಇಳಿದು, ನಮ್ಮ ಕಡೆ ಹೋಗುವ ಬಂಡಿ ಯಾವುದೆಂದು ನಾನೇ ಕೇಳಿ ಹತ್ತಿದೆ.

ಮಾವನವರು ಹಗ್ಗ ಹೊಸೆಯುತ್ತಿದ್ದರು. ಒಬ್ಬಳೇ ಬಂದದ್ದು ನೋಡಿ ಅವರಿಗೆ ತಿಳಿಯಿತು. ಹಗ್ಗ ಹೊಸೆಯುತ್ತಲೇ, ನನ್ನ ಕಡೆ ನೋಡದೆ, "ಮಾತು ಛಲೋ ಆಡಿದ್ನೇನು?" ಎಂದು ಕೇಳಿದರು. ಆ ತನಕ ನಾನು ಅವರ ಎದುರು ನಿಂತು ಮಾತಾಡಿದವಳಲ್ಲ. "ತಾವ ಶುರು ಮಾಡಿ, ತಾವ ಮುಗಿಸಿದ್ರು ಮಾವಾ" ಎಂದೆ. ಅವರು ಹಗ್ಗ ಪಕ್ಕಕ್ಕಿಟ್ಟು ಹೊಲದ ಕಡೆ ಹೋದರು. ಆ ವರ್ಷ ಕುಂಟೆ ಅವರೇ ಹಿಡಿದರು.

ಆ ಮಧ್ಯಾಹ್ನ ರಾಯರ ಮನೆಯಲ್ಲಿ ನಾನು ಮಾತಾಡಿದ್ದನ್ನು ಯಾರಿಗೂ ಹೇಳಬೇಡಿ ಎಂದು ನಾನೇ ಬೇಡಿಕೊಂಡಿದ್ದೆ. ನಿಮ್ಮ ತಾತ ಸಾಯುವ ತನಕ ಹೇಳಲಿಲ್ಲ. ನೆರೆದವರು ಕೇಳಿದಾಗಲೆಲ್ಲ ಸಂಜೆಯದನ್ನಷ್ಟೇ ಹೇಳುತ್ತಿದ್ದರು. ಈಗ ನಿಮಗೆ ಮೂವರಿಗೂ ಎರಡೂ ಗೊತ್ತಾಯಿತು. ಈ ಹಾಳೆಗಳನ್ನು ನಡುವೆ ಒಣ ಬೇವಿನೆಲೆ ಹಾಕಿ, ಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದ ಕಡೆ ಇಡಿರಿ. ಬೇರೆಯವರಿಗೆ ಓದಿ ಹೇಳುವುದಿದ್ದರೆ ನಾನು ಮನೆಯಲ್ಲಿ ಇಲ್ಲದಾಗ ಓದಿರಿ.