ಅಕ್ಷರ ಸವೆದ ಕೀಬೋರ್ಡ್

ಇವತ್ತು ಬೆಳಿಗ್ಗೆ ಅಂಗಡಿಯ ಕೀಬೋರ್ಡ್ ಮೇಲೆ ಟೀ ಚೆಲ್ಲಿಬಿಟ್ಟೆ. ಅದು ಕೆಟ್ಟಿತು. ಅಟ್ಟದಿಂದ ಹಳೆಯದನ್ನು ಇಳಿಸಿ ಧೂಳು ಒರೆಸಿದರೆ ಬಟನ್‌ಗಳ ಮೇಲೆ ಒಂದಕ್ಷರವೂ ಇಲ್ಲ. ಎಲ್ಲ ಮಂಜಣ್ಣನ ಬೆರಳು ಸವೆಸಿದ್ದು.

ರಾಜಾಜಿನಗರದಲ್ಲಿ ನಮ್ಮದು ಬೇರಿಂಗ್ ಅಂಗಡಿ. ನಮ್ಮದು ಅಂದರೆ ಓನರ್‌ದು. ಮಂಜಣ್ಣ ಕೌಂಟರಿನಲ್ಲಿ ಬಿಲ್ ಹಾಕುತ್ತಿದ್ದ, ನಾನು ಹಿಂದೆ ಗೋಡೌನಿನಲ್ಲಿ ಪೆಟ್ಟಿಗೆ ಹೊರುತ್ತಿದ್ದೆ. ಫ್ಯಾನಿನ ಕೆಳಗಿದ್ದ ಅವನ ಕುರ್ಚಿ ನನಗೆ ಬೇಕಿತ್ತು. ಬೇಸಿಗೆಯಲ್ಲಿ ನಮ್ಮ ಗೋಡೌನ್ ನೋಡಿದ್ದರೆ ನಿಮಗೂ ಬೇಕೆನಿಸುತ್ತಿತ್ತು.

ಅಡ್ಡ ಇದ್ದದ್ದು ಕಂಪ್ಯೂಟರ್. ಕಪ್ಪು ಪರದೆ, ಹಸಿರು ಅಕ್ಷರ. ಮೌಸ್ ಇಲ್ಲ. ಬೇಕಾದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಬೇಕು. ಒಂದಕ್ಷರ ತಪ್ಪಿದರೂ ಅದು ಒಪ್ಪುತ್ತಿರಲಿಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ನಾನು. ಹೋಟೆಲಿನಲ್ಲೂ ಪಕ್ಕದವರ ತಟ್ಟೆ ತೋರಿಸಿ ‘ಅದೇ ಕೊಡಿ’ ಎನ್ನುವ ಜಾತಿ. ಮಂಜಣ್ಣ ಬೋರ್ಡು ನೋಡದೆಯೇ ಆರ್ಡರ್ ಹೇಳುವ ಜಾತಿ.

“ಚಿತ್ರ ಬೇಕೇನೋ ನಿಂಗೆ? ಒಂದನೇ ಕ್ಲಾಸಾ ಇದು?” ಎಂದು ನಗುತ್ತಿದ್ದ.

“ಹೂಂ ಕಣಣ್ಣ, ಬೇಕು” ಎನ್ನುತ್ತಿದ್ದೆ. ಸುಳ್ಳೇಕೆ?

ಚಿತ್ರವೇ ಬಂತು. ಓನರ್ ಹೊಸ ಕಂಪ್ಯೂಟರ್ ತಂದರು. ಬೇರಿಂಗಿನ ಚಿತ್ರದ ಮೇಲೆ ಒತ್ತಿದರೆ ಬಿಲ್. ನಾನು ಬೇಗ ಕಲಿತೆ. ಮಂಜಣ್ಣನಿಗೆ ಆಗಲಿಲ್ಲ. ಅವನ ಬೆರಳುಗಳು ತಮ್ಮ ಪಾಡಿಗೆ ಓಡುತ್ತಿದ್ದವು, ಕಣ್ಣು ಗಿರಾಕಿಯ ಮೇಲೆ. ಹಳೆಯದರಲ್ಲಿ ಬಿಲ್ ಮುಗಿಸುತ್ತಿದ್ದ ಬಟನ್ ಹೊಸದರಲ್ಲಿ ಬಿಲ್ ಅಳಿಸುವುದಾಗಿತ್ತು. ಅಳಿಸಲೇ ಎಂದು ಪರದೆ ಕೇಳುತ್ತಿತ್ತು. ಇವನು ನೋಡದೆ ಎಂಟರ್ ಹೊಡೆಯುತ್ತಿದ್ದ.

“ಸ್ಕ್ರೀನ್ ನೋಡ್ರೀ ಮಂಜಣ್ಣ!” ಓನರ್ ಕೂಗಿದರು.

“ಅದನ್ನ ನೋಡ್ತಾ ಕೂತ್ರೆ ಇವ್ರನ್ನ ಯಾರ್ ಸಾರ್ ನೋಡೋದು?” ಎಂದ, ಎದುರು ನಿಂತಿದ್ದ ಗಿರಾಕಿಯನ್ನು ತೋರಿಸಿ.

ಓನರ್ ಅವನನ್ನು ಕೆಂಗೇರಿ ಕಡೆ ಆರ್ಡರ್ ತರುವ ಕೆಲಸಕ್ಕೆ ಹಾಕಿದರು. “ತಗೋ ಮಗಾ, ನಿನ್ ಚಿತ್ರ ನೀನೇ ನೋಡ್ಕೋ” ಎಂದು ಎದ್ದು ಹೋದ. ಕುರ್ಚಿ ನನ್ನದಾಯಿತು.

ನನ್ನ ಬಿಲ್ ತಪ್ಪುವುದಿಲ್ಲ. ಆದರೆ ಮಂಜಣ್ಣ ಇದ್ದಾಗ ಗಿರಾಕಿಗಳು ನಿಂತು ತಮ್ಮ ಮೆಷಿನ್ನಿನ ಗೋಳು ಹೇಳಿಕೊಂಡು ಇನ್ನೆರಡು ಸಾಮಾನು ಕೊಳ್ಳುತ್ತಿದ್ದರು. ಈಗ ಬಿಲ್ ಹಿಡಿದು ಹೊರಟುಬಿಡುತ್ತಾರೆ. ಕೆಲವರು ಬರುವುದನ್ನೇ ಬಿಟ್ಟಿದ್ದಾರೆ. ಮೊನ್ನೆ ಓನರ್ ನೇರವಾಗಿ ಹೇಳಿದರು: “ಹಿಂಗೇ ಆದ್ರೆ ಕೌಂಟರ್‌ಗೆ ಬೇರೆಯವ್ರನ್ನ ನೋಡ್ಬೇಕಾಗತ್ತೆ ಕಣೋ.”

ಹಳೇ ಕೀಬೋರ್ಡ್ ಸಿಕ್ಕಿಸಿ ಕೂತಿದ್ದಾಗ ಲೇತ್ ಶಾಪಿನ ನಾಗರಾಜಣ್ಣ ಬಂದರು. ಚಿತ್ರ ಒತ್ತಿದೆ. ಬಿಲ್ಲಿಗೆ ಅವರ ಹೆಸರು ಟೈಪ್ ಮಾಡಬೇಕು. ಕೆಳಗೆ ನೋಡಿದರೆ ಹುಡುಕಲು ಒಂದಕ್ಷರವಿಲ್ಲ. ಬೇರೆ ದಾರಿಯಿಲ್ಲದೆ ತಲೆ ಎತ್ತಿದೆ. ಅವರ ಬೆರಳಿಗೆ ಬಟ್ಟೆ ಸುತ್ತಿತ್ತು.

“ಏನಾಯ್ತಣ್ಣ ಬೆರಳಿಗೆ?”

“ಹೋದ್ ವಾರಾನೂ ಬಟ್ಟೆ ಸುತ್ಕೊಂಡೇ ಬಂದಿದ್ದೆ ಕಣಪ್ಪ, ನೀನ್ ತಲೆ ಎತ್ಲಿಲ್ಲ” ಎಂದು ಸ್ಟೂಲ್ ಎಳೆದುಕೊಂಡು ಕೂತರು.

ಕೀಬೋರ್ಡನ್ನು ದೂರ ಸರಿಸಿ ಎರಡು ಟೀ ಹೇಳಿದೆ.